ಹಸಿ ಕಸವೂ ಇನ್ನು ಮನೆ ಬಾಗಿಲಿನಿಂದಲೇ: ಒಪ್ಪಿಗೆ ಕೊಡುವ ಮುನ್ನ ನಮ್ಮ ಬಡಾವಣೆ ಏನನ್ನು ಕೇಳಬೇಕು?

ಹೊಂಗೆನೆರಳು, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರಿನ ಪಶ್ಚಿಮಕ್ಕೆ, ವರ್ತುಲ ರಸ್ತೆಯಾಚೆ ಹತ್ತು ಹದಿನೈದು ವರ್ಷಗಳಿಂದ ಈಚೆಗೆ ಬೆಳೆದ ಬಡಾವಣೆ. ಇನ್ನೂರ ನಲವತ್ತು ಮನೆಗಳಿವೆ, ನಡುನಡುವೆ ಖಾಲಿ ನಿವೇಶನಗಳೂ ಬೇಕಾದಷ್ಟಿವೆ. ಇಲ್ಲಿಯವರೆಗೆ ಕಸದ ಆಟೋ ವಾರಕ್ಕೆ ಎರಡು ದಿನ, ಬುಧವಾರ ಮತ್ತು ಶನಿವಾರ, ಒಣ ಕಸಕ್ಕೆ ಮಾತ್ರ ಬರುತ್ತಿತ್ತು. ಅಡುಗೆಮನೆಯ ಕಸವನ್ನು ಅವರವರ ಮನೆಯಲ್ಲೇ ಗೊಬ್ಬರ ಮಾಡಿಕೊಳ್ಳಬೇಕೆಂದು ಹೇಳಿದ್ದರು. ಹಿತ್ತಿಲಿದ್ದವರು ಗುಂಡಿ ತೋಡಿಕೊಂಡರು, ಕೆಲವರು ಹಸು ಕಟ್ಟಿದವರಿಗೆ ಕೊಟ್ಟರು. ಉಳಿದವರ ಮನೆಯದು ಕತ್ತಲಾದ ಮೇಲೆ ಖಾಲಿ ನಿವೇಶನದ ಮೂಲೆ ಸೇರುತ್ತಿದೆ. ನಮ್ಮ ಎದುರಿನ ನಿವೇಶನದಲ್ಲಿ ಪಾರ್ಥೇನಿಯಂ ಗಿಡಗಳ ನಡುವೆ ಕಟ್ಟಿ ಎಸೆದ ಕವರುಗಳು ಬೆಳಗಾಗುವಷ್ಟರಲ್ಲಿ ನಾಯಿಗಳ ಬಾಯಿಗೆ ಸಿಕ್ಕಿ ರಸ್ತೆಯುದ್ದಕ್ಕೂ ಚೆಲ್ಲಿರುತ್ತವೆ.

ಈಗ ಹಸಿ ಕಸವನ್ನೂ ಬಾಗಿಲಿನಲ್ಲೇ ಪಡೆಯುವ ಯೋಚನೆಯಿದೆ, ನಿವಾಸಿಗಳ ಸಂಘವು ತನ್ನ ಅಭಿಪ್ರಾಯವನ್ನು ಬರೆದು ಕೊಡಲಿ ಎಂದು ಕಚೇರಿಯಿಂದ ಪತ್ರ ಬಂದಿದೆ. ಸಂಘದ ಕಾರ್ಯದರ್ಶಿಯಾಗಿರುವುದರಿಂದ ಉತ್ತರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಸಭೆಯಲ್ಲಿ ಬೇಡವೆಂದವರು ಯಾರೂ ಇಲ್ಲ. ಆದರೂ ನಾನು ಕಣ್ಣು ಮುಚ್ಚಿ ಒಪ್ಪಲಾರೆ, ಏಕೆಂದರೆ ಈ ಮನೆ ಕಟ್ಟಿಸುವ ಮೊದಲು ಬಾಡಿಗೆಗಿದ್ದ ಕಡೆ ಒಂದು ಕಹಿ ಅನುಭವವಾಗಿದೆ. ಅಲ್ಲಿ ಹಸಿ ಕಸಕ್ಕೊಂದು ಬಕೆಟ್, ಒಣ ಕಸಕ್ಕೊಂದು ಚೀಲ ಎಂದು ನಿಯಮವೇನೋ ಇತ್ತು, ಬರುವ ಗಾಡಿಗೆ ಮಾತ್ರ ಒಂದೇ ಹೊಟ್ಟೆ. ನಾನು ಬೇರೆ ಮಾಡಿ ಕೊಟ್ಟ ಸೊಪ್ಪಿನ ದಂಟು, ಹೂವು, ಅನ್ನವೆಲ್ಲ ನನ್ನ ಕಣ್ಣೆದುರಿಗೇ ಪಕ್ಕದ ಮನೆಯ ಡೈಪರು, ಥರ್ಮೊಕೋಲುಗಳ ಮೇಲೆ ಬಿತ್ತು. ಕೇಳಿದ್ದಕ್ಕೆ ಗಾಡಿಯ ಹುಡುಗ, “ಅಮ್ಮಾ, ಅಲ್ಲಿ ಹೋದ್ಮೇಲೂ ಎಲ್ಲಾ ಒಂದೇ ಕಡೆ ಸುರಿಯೋದು” ಎಂದ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮಾರನೆಯ ವಾರದಿಂದ ನಮ್ಮ ಬೀದಿಯಲ್ಲಿ ಬೇರೆ ಮಾಡುವವರು ಒಬ್ಬರೂ ಉಳಿಯಲಿಲ್ಲ.

ಹಾಗಾಗಿ ಬಲ್ಲವರನ್ನು ಕೇಳುತ್ತಿದ್ದೇನೆ. ಹಸಿ ಕಸ ಪ್ರತಿದಿನವೂ ಹೋಗಬೇಕೇ, ದಿನ ಬಿಟ್ಟು ದಿನವಾದರೂ ಸಾಕೇ? ಪ್ಲಾಸ್ಟಿಕ್ ಕವರಿಗೆ ಬದಲಾಗಿ ಮಾರುಕಟ್ಟೆಯಲ್ಲಿ ಸಿಗುವ, ಗೊಬ್ಬರವಾಗಿ ಕರಗುತ್ತದೆಂದು ಬರೆದಿರುವ ಚೀಲಗಳಲ್ಲಿ ಕಟ್ಟಿ ಕೊಡಬಹುದೇ? ಆರು ವರ್ಷಗಳಿಂದ ಮಹಡಿಯ ಮೇಲೆ ಮಣ್ಣಿನ ಕುಂಡಗಳಲ್ಲಿ ಗೊಬ್ಬರ ಮಾಡುತ್ತಿರುವ ನನ್ನಂಥವರು ಅದನ್ನು ನಿಲ್ಲಿಸಿ ಗಾಡಿಗೆ ಕೊಡಬೇಕೇ? ಎಲ್ಲಕ್ಕಿಂತ ಮುಖ್ಯವಾಗಿ, ಕಸ ಮತ್ತೆ ಬೆರೆಯದಂತೆ ನೋಡಿಕೊಳ್ಳಲು ನಮ್ಮ ಪತ್ರದಲ್ಲಿ ಏನೆಂದು ಬರೆಯಬೇಕು?

ನಿವೃತ್ತ ಆರೋಗ್ಯ ನಿರೀಕ್ಷಕ, ಮೈಸೂರು

ಮೇಡಂ, ಮೂವತ್ತು ವರ್ಷಕ್ಕೂ ಮೀರಿ ಈ ಕೆಲಸದಲ್ಲೇ ಇದ್ದವನಾದ್ದರಿಂದ ತಮ್ಮ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಲಿಗೆ, ತಮ್ಮ ಪತ್ರದ ಧಾಟಿ ಬೇಡಿಕೆಯದ್ದಾಗಿರಬೇಕು, ಕೋರಿಕೆಯದ್ದಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ ಕಸ, ಒಣ ಕಸ ಮತ್ತು ಮನೆಬಳಕೆಯ ಅಪಾಯಕಾರಿ ಕಸವನ್ನು ಮೂರು ಭಾಗವಾಗಿ ಬೇರ್ಪಡಿಸುವ ಹೊಣೆಯನ್ನು ಮನೆಯವರ ಮೇಲೆ ಹೊರಿಸಿದವು, ಅದರ ಜೊತೆಗೇ ಬೇರ್ಪಡಿಸಿದ್ದನ್ನು ಬೇರೆಬೇರೆಯಾಗಿಯೇ ಒಯ್ಯುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿದವು. ಮೊದಲನೆಯ ಮಾತನ್ನು ಎಲ್ಲ ಫಲಕಗಳ ಮೇಲೂ ಬರೆಸುತ್ತಾರೆ. ಎರಡನೆಯದನ್ನು ಜನರೇ ನೆನಪಿಸಬೇಕು.

ಪ್ರತಿದಿನವೂ ಬೇಕೇ ಎಂದಿರಿ. ಬೇಕೇ ಬೇಕು. ಅಡುಗೆಮನೆಯ ಕಸದಲ್ಲಿ ನೂರಕ್ಕೆ ಎಪ್ಪತ್ತು ಪಾಲಿಗೂ ಹೆಚ್ಚು ನೀರೇ ಇರುತ್ತದೆ. ನಮ್ಮ ಮಾರ್ಚ್, ಏಪ್ರಿಲ್ ತಿಂಗಳ ಸೆಕೆಯಲ್ಲಿ ಅದು ಒಂದು ದಿನ ಕಳೆಯುವಷ್ಟರಲ್ಲಿ ಹುಳಿ ಹಿಡಿದು ನೀರು ಬಿಡುತ್ತದೆ, ಎರಡನೆಯ ದಿನ ಹುಳು ಕಾಣಿಸಿಕೊಳ್ಳುತ್ತದೆ. ದಿನ ಬಿಟ್ಟು ದಿನ ಬಂದರೆ ಸಾಕೆಂದು ಒಪ್ಪಿಕೊಂಡ ಬಡಾವಣೆಗಳಲ್ಲಿ ಜನರು ನಾತ ತಾಳಲಾರದೆ ಮತ್ತೆ ಖಾಲಿ ನಿವೇಶನದ ದಾರಿ ಹಿಡಿದದ್ದನ್ನು ನಾನು ಕಂಡಿದ್ದೇನೆ. ಒಣ ಕಸಕ್ಕೆ ವಾರಕ್ಕೆ ಎರಡು ಸಲ ಧಾರಾಳವಾಯಿತು. ದಿನಕ್ಕಿಂತಲೂ ಮುಖ್ಯವಾದದ್ದು ಹೊತ್ತು. ಏಳು ಗಂಟೆಗೆ ಎಂದರೆ ಏಳಕ್ಕೇ ಬರಬೇಕು. ಗಾಡಿ ಒಂದು ದಿನ ಏಳಕ್ಕೆ, ಮತ್ತೊಂದು ದಿನ ಹನ್ನೊಂದಕ್ಕೆ ಬಂದರೆ ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವ ಮನೆಯವರು ಕಸವನ್ನು ಕವರಿಗೆ ಕಟ್ಟಿ ಗೇಟಿಗೆ ನೇತುಹಾಕಿ ಹೋಗುತ್ತಾರೆ, ಕವರು ಬಂದಿತೆಂದರೆ ಏರ್ಪಾಡು ಕೆಟ್ಟಿತೆಂದೇ ಅರ್ಥ.

ಚೀಲ ಯಾವುದೂ ಬೇಡ. ಬಕೆಟ್ಟಿನ ತಳಕ್ಕೆ ಹಳೆಯ ದಿನಪತ್ರಿಕೆಯ ಒಂದು ಹಾಳೆ ಹಾಸಿದರೆ ಸಾಕು, ಅದು ನೀರನ್ನು ಹೀರುತ್ತದೆ, ಗೊಬ್ಬರದಲ್ಲಿ ಕರಗುತ್ತದೆ. ಕರಗುತ್ತದೆಂದು ಬರೆದಿರುವ ಚೀಲಗಳಲ್ಲಿ ನಿಜವಾದವೂ ಇವೆ, ಹೆಸರಿಗೆ ಮಾತ್ರ ಹಾಗಿರುವವೂ ಇವೆ. ಬೆಳಗಿನ ಅವಸರದಲ್ಲಿ ಇನ್ನೂರು ಮನೆ ಮುಗಿಸಬೇಕಾದ ಪೌರಕಾರ್ಮಿಕರು ಒಂದೊಂದನ್ನೂ ಬೆಳಕಿಗೆ ಹಿಡಿದು ಪರೀಕ್ಷಿಸಲು ಆಗುವುದಿಲ್ಲ.

ಕವರಿನ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಗೊಬ್ಬರದ ಅಂಗಳದಲ್ಲಿ ಹಸಿ ಕಸವನ್ನು ಉದ್ದುದ್ದ ಬದುಗಳಂತೆ ಒಟ್ಟುತ್ತಾರೆ. ಒಳಗೆ ಗಾಳಿಯಾಡಿದರೆ ಸೂಕ್ಷ್ಮಜೀವಿಗಳು ಕೆಲಸ ಮಾಡಿ ರಾಶಿ ತಾನಾಗಿಯೇ 55ರಿಂದ 65 ಡಿಗ್ರಿಯವರೆಗೆ ಕಾಯುತ್ತದೆ. ಆ ಕಾವಿಗೆ ರೋಗಾಣುಗಳೂ ಕಳೆಯ ಬೀಜಗಳೂ ಸಾಯುತ್ತವೆ. ವಾರಕ್ಕೊಮ್ಮೆ ಮಗುಚುತ್ತ ಹೋದರೆ ಐದಾರು ವಾರಗಳಲ್ಲಿ ರಾಶಿ ಕುಸಿದು ಕಪ್ಪಗೆ ಪುಡಿಪುಡಿಯಾಗುತ್ತದೆ, ಆಮೇಲೆ ಜರಡಿ ಹಿಡಿಯುತ್ತಾರೆ. ಒಮ್ಮೆ ನಾಲ್ಕನೆಯ ವಾರದ ರಾಶಿಯೊಂದನ್ನು ಮಗುಚುವಾಗ ನಾನು ಅಲ್ಲಿದ್ದೆ. ಸುತ್ತಲಿನ ಗೊಬ್ಬರದಿಂದ ಹಬೆ ಏಳುತ್ತಿತ್ತು, ಮಳೆ ಬಿದ್ದ ಮಣ್ಣಿನಂಥ ವಾಸನೆ ಬರುತ್ತಿತ್ತು. ಅದರ ನಡುವಿನಿಂದ ಬಿಗಿಯಾಗಿ ಗಂಟು ಹಾಕಿದ್ದ ಕವರೊಂದು ಉರುಳಿತು. ಬಿಚ್ಚಿದರೆ ಒಳಗಿನ ಅನ್ನದ ಅಗುಳು ಅಗುಳಾಗಿಯೇ ಉಳಿದಿತ್ತು, ಸಾರು ಕಪ್ಪಾಗಿ ನೊರೆ ಕಟ್ಟಿತ್ತು. ಆ ದುರ್ವಾಸನೆಗೆ ಜೊತೆಯಲ್ಲಿದ್ದ ಕೆಲಸಗಾರ ಎರಡು ಹೆಜ್ಜೆ ಹಿಂದೆ ಸರಿದ. ಒಂದು ಗಂಟು ಅಷ್ಟು ಕೆಲಸ ಮಾಡುತ್ತದೆ.

ಇನ್ನು ಪತ್ರಕ್ಕೆ ಬರುತ್ತೇನೆ. ಗಾಡಿಯೊಳಗೆ ಅಡ್ಡಗೋಡೆ ಇರಬೇಕು, ಹಸಿ ಕಸದ ಭಾಗದ ತಳದಲ್ಲಿ ಸೋರುವ ನೀರನ್ನು ಹಿಡಿದಿಡುವ ತೊಟ್ಟಿ ಇರಬೇಕು. ಅಡ್ಡಗೋಡೆಯ ಗಾಡಿ ಇಲ್ಲವೆಂದರೆ ಒಣ ಕಸಕ್ಕೆ ಬೇರೆ ಗಾಡಿಯನ್ನೇ ಕಳುಹಿಸಬೇಕು. ಹಸಿ ಕಸ ಯಾವ ಘಟಕಕ್ಕೆ ಹೋಗುತ್ತದೆ ಎಂಬುದನ್ನು ಹೆಸರು ಹೇಳಿ ಬರೆದುಕೊಡಲಿ, ಸಂಘದವರು ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ನೋಡಲು ಅವಕಾಶ ಕೊಡಲಿ. ಇವೆಲ್ಲಕ್ಕಿಂತ ದೊಡ್ಡ ಮಾತು ಒಂದಿದೆ: ಬೆರೆಸಿಟ್ಟ ಬಕೆಟ್ಟನ್ನು ಮುಟ್ಟದೆ ಬಾಗಿಲಿನಲ್ಲೇ ಬಿಟ್ಟು ಹೋಗುವ ಅಧಿಕಾರವನ್ನು ಪೌರಕಾರ್ಮಿಕರಿಗೆ ಕೊಡಬೇಕು, ಮನೆಯವರು ರೇಗಿದಾಗ ಸಂಘ ಅವರ ಬೆನ್ನಿಗೆ ನಿಲ್ಲಬೇಕು. ನನ್ನ ಸೇವೆಯಲ್ಲಿ ನಾನು ಕಂಡಂತೆ, ಕಸ ಬೇರ್ಪಟ್ಟ ಬೀದಿಗಳೆಲ್ಲ ಬಕೆಟ್ ವಾಪಸಾದ ಬೀದಿಗಳೇ. ದಂಡ ಹಾಕಿದ ಕಡೆ ಜನ ಜಗಳಕ್ಕೆ ಬಂದರು. ಬಕೆಟ್ ತುಂಬಿದಂತೆಯೇ ಬಾಗಿಲಿನಲ್ಲಿ ಉಳಿದ ಕಡೆ ಮಾರನೆಯ ದಿನವೇ ಬೇರೆ ಮಾಡಿಟ್ಟರು.

ನಾಲೆಬದಿ, ಪಾಂಡವಪುರ ತಾಲ್ಲೂಕು

ಮೇಲಿನ ಹಿರಿಯರು ಬರೆದದ್ದನ್ನು ಓದಿದ ಮೇಲೆ, ಆ ಗೊಬ್ಬರವನ್ನು ಗದ್ದೆಗೆ ಹಾಕುವವನ ಮಾತೂ ಇಲ್ಲಿ ಇರಲಿ ಎನ್ನಿಸಿತು. ನಾನು ವಿ.ಸಿ. ನಾಲೆಯ ಅಚ್ಚುಕಟ್ಟಿನಲ್ಲಿ ಭತ್ತ ಮತ್ತು ಕಬ್ಬು ಬೆಳೆಯುವ ರೈತ.

ನಮ್ಮ ತಂದೆಯವರ ಕಾಲದಲ್ಲಿ ಪಟ್ಟಣದ ತಿಪ್ಪೆಗೊಬ್ಬರವೆಂದರೆ ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿ ತರುವಂಥ ವಸ್ತುವಾಗಿತ್ತು. ಒಲೆಯ ಬೂದಿ, ಸಗಣಿ, ಎಲೆ, ಸಿಪ್ಪೆ ಬಿಟ್ಟರೆ ಅದರಲ್ಲಿ ಬೇರೇನೂ ಇರುತ್ತಿರಲಿಲ್ಲ. ಆ ನೆನಪಿನಲ್ಲೇ ನಾನು ಕೆಲವು ವರ್ಷಗಳ ಹಿಂದೆ ಎರಡು ಟ್ರ್ಯಾಕ್ಟರ್ ಲೋಡ್ ನಗರದ ಗೊಬ್ಬರ ತರಿಸಿ ಒಂದು ಎಕರೆಗೆ ಎರಚಿಸಿದೆ. ಒಣಗಿದ್ದಾಗ ಏನೂ ಕಾಣಲಿಲ್ಲ. ನಾಟಿಗೆಂದು ನೀರು ಕಟ್ಟಿದ ಮರುದಿನ ಗದ್ದೆಯ ಬದುವಿನ ಮೂಲೆಯಲ್ಲಿ ನೊರೆಯೊಂದಿಗೆ ಸಣ್ಣ ಸಣ್ಣ ತ್ರಿಕೋನಗಳು ತೇಲಿ ಬಂದು ನಿಂತಿದ್ದವು. ಕೈಗೆತ್ತಿಕೊಂಡು ನೋಡಿದರೆ ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆಗಳು. ಅವುಗಳ ಜೊತೆಗೆ ಶಾಂಪೂ ಚೀಟಿಗಳು, ಪೆನ್ನಿನ ಮುಚ್ಚಳಗಳು, ಬಳೆಯ ಚೂರುಗಳು. ನಾಟಿಯ ಹೊತ್ತಿಗೆ ನನ್ನ ಹೆಂಡತಿಯ ಅಂಗಾಲಿಗೆ ಗಾಜು ಹೊಕ್ಕಿತು, ಕೆಸರಿನಲ್ಲಿ ಅದು ಎಲ್ಲಿದೆಯೆಂದು ಕಾಣುವುದೂ ಇಲ್ಲ. ನಾಟಿಗೆ ಬಂದಿದ್ದ ಹೆಣ್ಣಾಳುಗಳು ಮರುದಿನ ಆ ಗದ್ದೆಗೆ ಇಳಿಯಲು ಒಪ್ಪಲಿಲ್ಲ, ಅವರು ಒಪ್ಪದೆ ಇದ್ದದ್ದು ಸರಿ. ಎರಡು ಬೆಳೆಯವರೆಗೂ ನಾವು ಅದನ್ನು ಕೈಯಿಂದ ಆಯ್ದಿದ್ದೇವೆ.

ಹಾಗೆಂದು ಆ ಗೊಬ್ಬರ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಇದನ್ನು ದಯವಿಟ್ಟು ಗಮನಿಸಬೇಕು. ಆ ಎಕರೆಯ ಮಣ್ಣು ಇವತ್ತಿಗೂ ಪಕ್ಕದ ಎಕರೆಗಿಂತ ಮೆದುವಾಗಿದೆ, ಉಳುವಾಗ ಹೆಂಟೆ ಒಡೆಯುವುದು ಸುಲಭ. ಮಣ್ಣಿನಲ್ಲಿ ಸಾವಯವ ಇಂಗಾಲ ನೂರಕ್ಕೆ ಅರ್ಧಕ್ಕಿಂತ ಕಡಿಮೆಯಿದ್ದರೆ ಅದನ್ನು ಬಡ ಮಣ್ಣೆಂದು ಲೆಕ್ಕ ಹಾಕುತ್ತಾರೆ, ನನ್ನ ಹೊಲದ ಪರೀಕ್ಷೆಯ ಚೀಟಿಯಲ್ಲಿ ಅದು ಅರ್ಧಕ್ಕಿಂತ ಕೆಳಗೇ ಇತ್ತು. ವರ್ಷಕ್ಕೆ ಎರಡು ಬೆಳೆ, ಮೂಟೆಗಟ್ಟಲೆ ಯೂರಿಯಾ, ಮನೆಯಲ್ಲಿ ಒಂದೋ ಎರಡೋ ರಾಸು ಎಂದ ಮೇಲೆ ಕೊಟ್ಟಿಗೆ ಗೊಬ್ಬರ ಎಲ್ಲಿಂದ ಬರಬೇಕು? ನಮ್ಮ ಹೊಲದಿಂದ ಸೊಪ್ಪಾಗಿ, ತರಕಾರಿಯಾಗಿ, ಅಕ್ಕಿಯಾಗಿ ಪಟ್ಟಣಕ್ಕೆ ಹೋದದ್ದು ಗೊಬ್ಬರವಾಗಿ ಹಿಂದಿರುಗಿದರೆ ಅದಕ್ಕಿಂತ ಬೇರೇನೂ ಬೇಡ. ನಗರದ ಗೊಬ್ಬರಕ್ಕೆಂದು ಕೇಂದ್ರ ಸರ್ಕಾರ 2016ರಲ್ಲಿ ಟನ್ನಿಗೆ 1,500 ರೂಪಾಯಿಯ ಸಹಾಯಧನವನ್ನು ಪ್ರಕಟಿಸಿತು. ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಅದಕ್ಕೆ ಗುಣಮಟ್ಟವನ್ನೂ ಗೊತ್ತುಮಾಡಿದ್ದಾರೆ: ನೂರಕ್ಕೆ ತೊಂಬತ್ತು ಪಾಲು 4 ಮಿಲಿಮೀಟರಿನ ಜರಡಿಯಲ್ಲಿ ಇಳಿಯಬೇಕು, ಸಾವಯವ ಇಂಗಾಲ ನೂರಕ್ಕೆ 12ಕ್ಕೆ ಕಡಿಮೆ ಇರಬಾರದು, ಸೀಸ ಕಿಲೋಗೆ 100 ಮಿಲಿಗ್ರಾಂ ಮೀರಬಾರದು. ಜರಡಿ ದೊಡ್ಡ ಚೂರನ್ನು ತಡೆಯುತ್ತದೆ, ಸಣ್ಣ ಗಾಜಿನ ಹರಳನ್ನು ತಡೆಯುವುದಿಲ್ಲ. ಒಡೆದ ಬಲ್ಬು, ಬ್ಯಾಟರಿ ಒಮ್ಮೆ ಹಸಿ ಕಸದೊಳಗೆ ಸೇರಿದರೆ ಅದರ ವಿಷವನ್ನು ಆಮೇಲೆ ಯಾವ ಯಂತ್ರವೂ ಬೇರೆ ಮಾಡಿಕೊಡಲಾರದು. ಅದನ್ನು ತಡೆಯಬಹುದಾದ ಜಾಗ ನಿಮ್ಮ ಅಡುಗೆಮನೆಯೊಂದೇ.

ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸದೆ, ಒಂದು ಅಂಚಿನಲ್ಲಿ ಅಂಟಿಕೊಂಡಿರುವಂತೆ ಸೀಳಿ ಹಾಲು ಬಗ್ಗಿಸಿಕೊಳ್ಳಬಹುದು. ನಮ್ಮ ಮನೆಯಲ್ಲಿ ಈಗ ಹಾಗೆಯೇ ಮಾಡುತ್ತಾರೆ. ನಿಮ್ಮ ಬಡಾವಣೆಯ ಇನ್ನೂರ ನಲವತ್ತು ಮನೆಗಳಲ್ಲಿ ದಿನಕ್ಕೆ ಎರಡು ಪ್ಯಾಕೆಟ್ ಎಂದು ಹಿಡಿದರೂ ವರ್ಷಕ್ಕೆ ಒಂದೂಮುಕ್ಕಾಲು ಲಕ್ಷ ಮೂಲೆಗಳಾಗುತ್ತವೆ.

ಎರೆಮಣ್ಣು, ಕುವೆಂಪುನಗರ

ಮನೆಯಲ್ಲೇ ಗೊಬ್ಬರ ಮಾಡುವವರು ನಿಲ್ಲಿಸಬೇಕೇ ಎಂಬ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನಿಲ್ಲಿಸಬೇಡಿ ಮೇಡಂ. ರಸ್ತೆಗೆ ಬಾರದೆ ಉಳಿದ ಕಸಕ್ಕೆ ಡೀಸೆಲ್ ಬೇಡ, ಆಳು ಬೇಡ, ಜಾಗ ಬೇಡ. ಆದರೆ ಕುಂಡದಲ್ಲಿ ಕರಗದೆ ನಮ್ಮನ್ನು ಕಾಡುವ ಕೆಲವು ಪದಾರ್ಥಗಳಿವೆ, ಅವನ್ನು ಗಾಡಿಗೆ ಕೊಡಿ. ಮಾವಿನ ಓಟೆ, ಹಲಸಿನ ಹಣ್ಣಿನ ರಚ್ಚೆ ಮತ್ತು ಮುಳ್ಳುಸಿಪ್ಪೆ, ಎಣ್ಣೆ ತೇಲುವ ಗೊಜ್ಜು ಪಲ್ಯ, ಮಾಂಸ ಮಾಡುವ ಮನೆಗಳ ಮೂಳೆ, ಇವು ಮನೆಯ ಕುಂಡಕ್ಕೆ ಭಾರ, ದೊಡ್ಡ ರಾಶಿಯ ಕಾವಿಗೆ ಭಾರವಲ್ಲ. ತೆಂಗಿನ ಚಿಪ್ಪು, ಎಳನೀರಿನ ಬುರುಡೆಗಳಿಗೆ ಮಾತ್ರ ಬೇರೆಯೇ ಏರ್ಪಾಡು ಬೇಕು, ಅವು ಐದಾರು ವಾರಗಳಲ್ಲಿ ಕರಗುವಂಥವಲ್ಲ.

ಇನ್ನೊಂದು ವಿಷಯವನ್ನು ಪತ್ರದಲ್ಲಿ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ, ಅದು ಒಣಗಿದ ಎಲೆ. ಗೊಬ್ಬರ ಚೆನ್ನಾಗಿ ಕೂಡಿಬರಬೇಕಾದರೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇರಬೇಕು. ತರಕಾರಿ ಸಿಪ್ಪೆಯಲ್ಲಿ ಇಂಗಾಲ ಇದಕ್ಕಿಂತ ಬಹಳ ಕಡಿಮೆ, ತರಗೆಲೆಯಲ್ಲಿ ಬಹಳ ಹೆಚ್ಚು. ಬರೀ ಅಡುಗೆಮನೆಯ ಕಸವನ್ನು ಒಟ್ಟಿದರೆ ಅಂಟಂಟಾಗಿ ನಾರುತ್ತದೆ. ಅದರೊಂದಿಗೆ ಎಲೆ ಬೆರೆಸಿದರೆ ಗಾಳಿ ಓಡಾಡುತ್ತದೆ. ನಮ್ಮ ಊರಿನಲ್ಲಿ ಫೆಬ್ರುವರಿ, ಮಾರ್ಚ್ ಬಂತೆಂದರೆ ಹೊಂಗೆ, ಅರಳಿ, ಮಳೆಮರಗಳು ರಸ್ತೆಯ ತುಂಬ ಎಲೆ ಉದುರಿಸುತ್ತವೆ. ಅದನ್ನು ಗುಡಿಸಿ ಮೋರಿಯ ಪಕ್ಕದಲ್ಲಿ ಬೆಂಕಿ ಹಚ್ಚುವ ಅಭ್ಯಾಸ ಇನ್ನೂ ಹೋಗಿಲ್ಲ. ಒಂದು ಕೈಯಿಂದ ಎಲೆ ಸುಟ್ಟು, ಇನ್ನೊಂದು ಕೈಯಿಂದ ನಾರುವ ಕಸವನ್ನು ಊರಾಚೆ ಸಾಗಿಸುತ್ತಿದ್ದೇವೆ. ನಿಮ್ಮ ಬಡಾವಣೆಯ ಉದ್ಯಾನದ ಒಂದು ಮೂಲೆಯಲ್ಲಿ ತಂತಿಬಲೆಯ ಗೂಡೊಂದನ್ನು ಕಟ್ಟಿಸಿ ಎಲೆಯನ್ನೆಲ್ಲ ಅದಕ್ಕೆ ತುಂಬಿಸಿ. ಕುಂಡಗಳಿಗೂ ಒದಗುತ್ತದೆ, ಉಳಿದದ್ದನ್ನು ಘಟಕಕ್ಕೂ ಕಳುಹಿಸಬಹುದು.

ಹಬ್ಬದ ದಿನಗಳ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. ಆಯುಧಪೂಜೆಯ ಮಾರನೆಯ ಬೆಳಿಗ್ಗೆ ಮೈಸೂರಿನ ಬೀದಿಗಳಲ್ಲಿ ಬಾಳೆಕಂದು, ಒಡೆದ ಬೂದುಗುಂಬಳಕಾಯಿ, ಚೆಂಡುಹೂವಿನ ಹಾರ ಎಷ್ಟಿರುತ್ತವೆಂದು ನಮಗೆಲ್ಲ ಗೊತ್ತು. ಅಂದು ಒಂದು ಗಾಡಿ ಸಾಲುವುದಿಲ್ಲ. ಕುಂಬಳಕಾಯಿಯೊಳಗೆ ಇಟ್ಟ ನಾಣ್ಯವನ್ನು ತೆಗೆದೇ ಕೊಡಬೇಕು, ಹಾರದ ಜರಿಯನ್ನೂ ನೈಲಾನ್ ದಾರವನ್ನೂ ಬಿಡಿಸಿಯೇ ಕೊಡಬೇಕು. ಬಾಳೆನಾರಿನಲ್ಲಿ ಕಟ್ಟಿದ ಹೂವಾದರೆ ಹಾಗೆಯೇ ಹಾಕಬಹುದು.

ಜೆ.ಪಿ. ನಗರದ ನಿವಾಸಿ, ಮೈಸೂರು

ಊರಿನ ಕಸವನ್ನು ಬಹಳ ವರ್ಷ ತಂದು ಸುರಿದ ವಿದ್ಯಾರಣ್ಯಪುರದ ಸುಯೇಜ್ ಫಾರಂನಿಂದ ಗಾಳಿ ನಮ್ಮ ಕಡೆ ತಿರುಗಿದ ಸಂಜೆಗಳಲ್ಲಿ ಕಿಟಕಿ ಮುಚ್ಚಿಕೊಂಡು ಬದುಕಿದವರು ನಾವು. ಆದ್ದರಿಂದ ಈ ಚರ್ಚೆಯನ್ನು ಆಸೆಯಿಂದಲೇ ಓದುತ್ತಿದ್ದೇನೆ.

ನಮ್ಮ ಊರು ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ 2015ರಲ್ಲಿಯೂ 2016ರಲ್ಲಿಯೂ ಮೊದಲ ಸ್ಥಾನ ಪಡೆಯಿತು. ಆಗ ನಮಗೂ ಹೆಮ್ಮೆಯಾಯಿತು. ಆದರೆ ಬೀದಿ ಸ್ವಚ್ಛವಾದ ಮಾತ್ರಕ್ಕೆ ಕಸ ಮಾಯವಾಗುವುದಿಲ್ಲ, ಅದು ಇನ್ನೊಬ್ಬರ ಮನೆಯ ಹತ್ತಿರಕ್ಕೆ ಹೋಗುತ್ತದೆ. ರಾಶಿಯಲ್ಲಿ ನಾರುವುದು ಪ್ಲಾಸ್ಟಿಕ್ ಅಲ್ಲ, ಅದರ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆಯುವ ನಮ್ಮ ನಿಮ್ಮ ಅನ್ನ, ಸಾರು. ಅಲ್ಲಿ ಹುಟ್ಟುವ ಮೀಥೇನ್ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಕಾವನ್ನು ಹಿಡಿದಿಡುತ್ತದೆ, ಕೆಳಗೆ ಇಳಿಯುವ ಕಪ್ಪು ನೀರು ಅಂತರ್ಜಲವನ್ನು ಸೇರುತ್ತದೆ. ಬೆಂಗಳೂರಿನ ಕಸ ಮಂಡೂರಿಗೆ ಹೋಗಿ, ಅಲ್ಲಿನ ಜನ 2014ರಲ್ಲಿ ಲಾರಿಗಳನ್ನು ತಡೆದು ನಿಂತ ಕಥೆಯನ್ನು ನಾವು ಮರೆಯಬಾರದು.

ಒಂದು ವಿಷಯದಲ್ಲಿ ಮಾತ್ರ ನಿವೃತ್ತ ನಿರೀಕ್ಷಕರ ಮಾತಿಗೆ ನನ್ನದೊಂದು ಸೇರ್ಪಡೆಯಿದೆ. ಘಟಕದ ಹೆಸರನ್ನು ಕೇಳಿ ಸುಮ್ಮನಾಗಬೇಡಿ, ಅದು ಎಷ್ಟು ದೂರದಲ್ಲಿದೆ ಎಂದೂ ಕೇಳಿ. ನಗರದ ಎಲ್ಲ ದಿಕ್ಕಿನ ಹಸಿ ಕಸವೂ ಒಂದೇ ಅಂಗಳಕ್ಕೆ ಬಂದು ಬಿದ್ದರೆ ಮಳೆಗಾಲದಲ್ಲಿ ಅದನ್ನು ಮಗುಚುವುದು ಯಾರಿಗೂ ಸಾಧ್ಯವಾಗುವುದಿಲ್ಲ. ಕುಂಬಾರಕೊಪ್ಪಲಿನಲ್ಲಿ ಸಣ್ಣ ಘಟಕವೊಂದು ಸುತ್ತಲಿನ ವಾರ್ಡುಗಳ ಕಸವನ್ನು ಪಡೆದು, ಹಸಿಯದನ್ನು ಗೊಬ್ಬರಕ್ಕೆ ಹಾಕಿ, ಒಣ ಕಸವನ್ನು ಬಗೆಬಗೆಯಾಗಿ ವಿಂಗಡಿಸಿ ಮಾರಿದ್ದನ್ನು ನೋಡಲು ಹೊರ ಊರುಗಳಿಂದ ಜನ ಬರುತ್ತಿದ್ದರು. ಅಂಥವು ದಿಕ್ಕಿಗೊಂದರಂತೆ ಇರಬೇಕು. ನಿಮ್ಮ ಬಡಾವಣೆಯ ಕಸವನ್ನು ದಯವಿಟ್ಟು ನಮ್ಮ ಕಡೆಗೆ ಕಳುಹಿಸಬೇಡಿ ಎಂದು ಹೇಳಲು ನನಗೆ ಸಂಕೋಚವಿಲ್ಲ. ನಾವು ಬಹಳ ವರ್ಷ ಹೊತ್ತಿದ್ದೇವೆ.

ಕಾವೇರಿತೀರ, ಶ್ರೀರಂಗಪಟ್ಟಣ

ಹೊರದೇಶದ ಮಾತೊಂದನ್ನು ಹೇಳಲು ಅನುಮತಿ ಕೊಡಿ, ಏಕೆಂದರೆ ಅದು ದಂಡದ ಪ್ರಶ್ನೆಗೆ ಸಂಬಂಧಿಸಿದ್ದು. ನನ್ನ ಮಗಳು ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿದ್ದಾಳೆ. ಅಲ್ಲಿ ಕಾಗದ, ಗಾಜು, ಲೋಹಗಳನ್ನು ಮನೆಯ ಮುಂದಿನಿಂದ ಬೇರೆಯಾಗಿ ಒಯ್ಯುವ ಪದ್ಧತಿ ಬಹಳ ಹಿಂದಿನಿಂದ ಇದ್ದರೂ ಅಡುಗೆಮನೆಯ ಕಸವನ್ನು ಹಾಗೆ ಒಯ್ಯುವುದು ನಗರದ ಐದೂ ಭಾಗಗಳಿಗೆ ವಿಸ್ತರಿಸಿದ್ದು 2024ರ ಅಕ್ಟೋಬರಿನಲ್ಲಿ. ಇಲಿಗಳ ಕಾಟಕ್ಕೆಂದು ಚಿಲಕವಿರುವ ಕಂದು ಡಬ್ಬಿಗಳನ್ನು ಕೊಟ್ಟರು. 2025ರ ಏಪ್ರಿಲ್ 1ರಿಂದ ದಂಡ ಹಾಕಲು ಶುರು ಮಾಡಿ, ಜನರಿಂದ ಆಕ್ಷೇಪ ಬಂದಾಗ ಕೆಲವೇ ವಾರಗಳಲ್ಲಿ ಬಹುಪಾಲು ಕಟ್ಟಡಗಳಿಗೆ ಅದನ್ನು ಆ ವರ್ಷದ ಮಟ್ಟಿಗೆ ತಡೆಹಿಡಿದರು. ಅದೇ ದೇಶದ ಸ್ಯಾನ್‌ಫ್ರಾನ್ಸಿಸ್ಕೋ ನಗರ 2009ರಲ್ಲೇ ಇದನ್ನು ಕಡ್ಡಾಯ ಮಾಡಿತು, ಅಲ್ಲಿನ ಗೊಬ್ಬರ ದ್ರಾಕ್ಷಿ ತೋಟಗಳಿಗೂ ಹೋಗುತ್ತದೆ. ದಕ್ಷಿಣ ಕೊರಿಯಾದವರು ಇವರಿಬ್ಬರಿಗಿಂತಲೂ ಮುಂದೆ ಹೋಗಿ 2005ರಲ್ಲಿ ಆಹಾರದ ಕಸವನ್ನು ನೆಲದಲ್ಲಿ ಹೂಳುವುದನ್ನೇ ನಿಷೇಧಿಸಿದರು, 2013ರಿಂದ ಎಷ್ಟು ಕಸವೋ ಅಷ್ಟು ಶುಲ್ಕವೆಂಬ ಪದ್ಧತಿಯನ್ನು ತಂದರು.

ಇವರೆಲ್ಲರಿಗೂ ವರ್ಷಗಟ್ಟಲೆ ಸಮಯ ಹಿಡಿದಿದೆ. ನಮ್ಮಲ್ಲಿ ಮನೆ ಬಾಗಿಲಿಗೆ ಮನುಷ್ಯರೇ ಬಂದು ಕೈಯಿಂದ ಬಕೆಟ್ ಪಡೆಯುತ್ತಾರೆ, ಅಲ್ಲಿ ಯಂತ್ರ ಬಂದು ಡಬ್ಬಿಯನ್ನು ಎತ್ತುತ್ತದೆ. ಬಕೆಟ್ಟಿನೊಳಗೆ ಏನಿದೆಯೆಂದು ಯಂತ್ರಕ್ಕೆ ಕಾಣುವುದಿಲ್ಲ, ಪೌರಕಾರ್ಮಿಕರಿಗೆ ಕಾಣುತ್ತದೆ. ಬಕೆಟ್ ವಾಪಸು ಮಾಡುವ ಅಧಿಕಾರವನ್ನು ಅವರಿಗೆ ಕೊಡಬೇಕೆಂಬ ಮಾತು ಇದೇ ಕಾರಣಕ್ಕೆ ನನಗೆ ಬಹಳ ಸರಿಯೆನ್ನಿಸಿತು. ಅವರ ಕೈಗೆ ಒಳ್ಳೆಯ ಗವುಸು, ಕಾಲಿಗೆ ಬೂಟು ಕೊಡಬೇಕೆಂಬುದನ್ನೂ ಪತ್ರದಲ್ಲಿ ಸೇರಿಸಿ.

ಹೊಂಗೆನೆರಳು, ಮೈಸೂರು

ಬರೆದ ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಸಂಘದ ಕೆಲವರು ನಮ್ಮ ಮನೆಯಲ್ಲೇ ಕುಳಿತು ಪತ್ರವನ್ನು ಬರೆದೆವು. ಪ್ರತಿದಿನ ಬೆಳಿಗ್ಗೆ ಏಳಕ್ಕೆ ಹಸಿ ಕಸ, ಬುಧವಾರ ಮತ್ತು ಶನಿವಾರ ಬೇರೆ ಗಾಡಿಯಲ್ಲಿ ಒಣ ಕಸ, ಕಾಗದದಲ್ಲಿ ಸುತ್ತಿ ಗುರುತು ಹಾಕಿದ ಪ್ಯಾಡ್ ಮತ್ತು ಡೈಪರಿಗೆ ಅದೇ ಗಾಡಿಯಲ್ಲಿ ಬೇರೆ ಡಬ್ಬಿ, ಬ್ಯಾಟರಿ ಮತ್ತು ಬಲ್ಬುಗಳಿಗೆ ತಿಂಗಳಿಗೊಂದು ದಿನ ಎಂದು ಕೇಳಿದ್ದೇವೆ. ಘಟಕ ಯಾವುದು, ಎಷ್ಟು ದೂರ ಎಂಬುದನ್ನು ಬರೆದು ತಿಳಿಸಬೇಕೆಂದೂ, ಬೆರೆತ ಬಕೆಟ್ಟನ್ನು ಪೌರಕಾರ್ಮಿಕರು ಬಿಟ್ಟು ಹೋದರೆ ಸಂಘಕ್ಕೆ ಯಾವ ಆಕ್ಷೇಪವೂ ಇಲ್ಲವೆಂದೂ ಸೇರಿಸಿದ್ದೇವೆ. ಈ ಕೊನೆಯ ಮಾತಿಗೆ ಒಬ್ಬರು ಮೊದಲು ಒಪ್ಪಲಿಲ್ಲ. ಗದ್ದೆಯಲ್ಲಿ ಗಾಜು ಹೊಕ್ಕ ಸಂಗತಿಯನ್ನು ಇಲ್ಲಿಂದಲೇ ಓದಿ ಹೇಳಿದ ಮೇಲೆ ಸಹಿ ಹಾಕಿದರು. ಎಲೆಯ ಗೂಡಿಗೆ ಉದ್ಯಾನದಲ್ಲಿ ಜಾಗವನ್ನೂ ಗುರುತಿಸಿದ್ದೇವೆ.

ನಾಲೆಬದಿಯವರಲ್ಲಿ ಒಂದು ಬೇಡಿಕೆ. ತಮ್ಮ ಗದ್ದೆಯಲ್ಲಿ ಆಯ್ದ ಆ ಹಾಲಿನ ಪ್ಯಾಕೆಟ್ಟಿನ ಮೂಲೆಗಳನ್ನು ಎಸೆಯದೆ ಇಟ್ಟಿದ್ದರೆ, ಒಂದು ಹಿಡಿಯಷ್ಟನ್ನು ಮೈಸೂರಿಗೆ ಬರುವವರ ಕೈಯಲ್ಲಿ ಕಳುಹಿಸಿಕೊಡಿ. ಬರುವ ಭಾನುವಾರ ಎಲ್ಲ ಮನೆಗಳವರ ಸಭೆಯಿದೆ, ಅಂದು ಅವುಗಳನ್ನು ಒಂದು ತಟ್ಟೆಯಲ್ಲಿ ಹಾಕಿ ಎಲ್ಲರ ಮುಂದೆ ಇಡಬೇಕೆಂದಿದ್ದೇನೆ.